ಸಾಲ್ಸಾ ಕಲಿಯುವವರು ಮೊದಲು ಕಲಿಯಬೇಕಾದದ್ದು

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್, ಜಯನಗರದಂಥ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಸಾಲ್ಸಾ ಎಂಬ ಜೋಡಿ ನೃತ್ಯದ ತರಗತಿಗಳು ನಡೆಯುತ್ತವೆ. ಆಫೀಸು ಮುಗಿಸಿಕೊಂಡು ಬರುವ ಯುವಕ ಯುವತಿಯರಿಂದ ಹಿಡಿದು ಮಕ್ಕಳನ್ನು ಓದಿಸಿ ದಡ ಸೇರಿಸಿದ ದಂಪತಿಗಳವರೆಗೆ, ಹಿಂದೆಂದೂ ಕುಣಿದು ಅಭ್ಯಾಸವಿಲ್ಲದವರೂ ಅಲ್ಲಿಗೆ ಬರುತ್ತಾರೆ. ಹೀಗೆ ಬಂದವರಲ್ಲಿ ಬಹಳ ಮಂದಿ ಸಾಲ್ಸಾ ಎಂದರೆ ಕಂಠಪಾಠ ಮಾಡಬೇಕಾದ ಸುತ್ತುಗಳ ಮತ್ತು ಕೈಮಡಿಕೆಗಳ ಒಂದು ಪಟ್ಟಿ ಎಂದು ಭಾವಿಸಿರುತ್ತಾರೆ. ಕೆಲವು ವಾರಗಳಾಗುವಷ್ಟರಲ್ಲಿ ಅವರಿಗೆ ಹತ್ತಾರು ಸುತ್ತುಗಳ ಹೆಸರು ಗೊತ್ತಾಗಿರುತ್ತದೆ. ಆದರೆ ಶಿಕ್ಷಕರು ಎಣಿಸುವುದನ್ನು ನಿಲ್ಲಿಸಿ ಹಾಡು ಹಾಕಿದ ಕೂಡಲೇ, ಎಲ್ಲಿ ಹೆಜ್ಜೆ ಎತ್ತಬೇಕೆಂಬುದು ತಿಳಿಯದೆ ನಿಂತುಬಿಡುತ್ತಾರೆ. ಸುತ್ತುಗಳಿಗಿಂತ ಮೊದಲು ಕಲಿಯಬೇಕಾದ ಮೂರು ಸಂಗತಿಗಳು ಹಿಂದೆ ಬಿದ್ದಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಗೀತದಲ್ಲಿ ಎಣಿಕೆಯನ್ನು ಕೇಳಿಸಿಕೊಳ್ಳುವುದು, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ಸಾಗಿಸುವುದು, ಜೊತೆಯಲ್ಲಿ ಕುಣಿಯುವವರಿಗೆ ಮಾತಿಲ್ಲದೆ ಸೂಚನೆ ಕೊಡುವುದು ಮತ್ತು ಅವರಿಂದ ಅದನ್ನು ಪಡೆಯುವುದು, ಇವೇ ಆ ಮೂರು.

ಈ ನೃತ್ಯ ಯಾವ ಸಂಗೀತಕ್ಕಾಗಿ ಹುಟ್ಟಿತೆಂಬುದನ್ನು ತಿಳಿದರೆ ಅದರ ಎಣಿಕೆಯ ಸ್ವಭಾವ ಸುಲಭವಾಗಿ ಅರ್ಥವಾಗುತ್ತದೆ. ಕ್ಯೂಬಾದ ಪೂರ್ವ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಪುಗೊಂಡ ‘ಸೋನ್’ ಎಂಬ ಸಂಗೀತ ಪ್ರಕಾರದಲ್ಲಿ ಸ್ಪೇನಿನಿಂದ ಬಂದ ತಂತಿವಾದ್ಯ ಮತ್ತು ಗಾಯನವು, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ತಾಳವಾದ್ಯ ಪರಂಪರೆಯೊಂದಿಗೆ ಬೆರೆತಿತ್ತು. ಇದರಿಂದಲೂ ಇದರ ಒಡಹುಟ್ಟುಗಳಿಂದಲೂ ಬೆಳೆದ ಮಾಂಬೊ ಸಂಗೀತವು 1950ರ ದಶಕದಲ್ಲಿ ನ್ಯೂಯಾರ್ಕ್ ನಗರದ ಪಲೇಡಿಯಂ ನೃತ್ಯಶಾಲೆಯನ್ನು ತುಂಬಿತ್ತು. ಟಿಟೊ ಪುಯೆಂತೆ, ಮಚಿಟೊ, ಟಿಟೊ ರೋಡ್ರಿಗಸ್ ಅವರ ವಾದ್ಯವೃಂದಗಳು ಅಲ್ಲಿ ನುಡಿಸುತ್ತಿದ್ದವು. ಎಲ್ಲ ಬಣ್ಣದ ಜನರೂ ಒಂದೇ ನೆಲದ ಮೇಲೆ ಅಲ್ಲಿ ಕುಣಿಯುತ್ತಿದ್ದರು. 1959ರ ಕ್ಯೂಬಾ ಕ್ರಾಂತಿಯ ಬಳಿಕ, 1962ರಲ್ಲಿ ಅಮೆರಿಕವು ಆ ದೇಶದೊಂದಿಗಿನ ವ್ಯಾಪಾರವನ್ನು ನಿರ್ಬಂಧಿಸಿದ್ದರಿಂದ, ಹವಾನಾ ಮತ್ತು ನ್ಯೂಯಾರ್ಕ್ ನಡುವಿನ ಸಂಗೀತಗಾರರ ಓಡಾಟ ನಿಂತುಹೋಯಿತು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಪೋರ್ಟೊರಿಕೊ ಮೂಲದವರು ಆ ಸಂಗೀತವನ್ನು ತಮ್ಮ ಬೀದಿಗಳ ಅನುಭವದೊಂದಿಗೆ ಬೆಸೆದು ಮುಂದುವರಿಸಿದರು. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಜಾನಿ ಪಚೇಕೊ ಮತ್ತು ವಕೀಲ ಜೆರಿ ಮಸೂಚಿ 1964ರಲ್ಲಿ ಸ್ಥಾಪಿಸಿದ ಫಾನಿಯಾ ಧ್ವನಿಮುದ್ರಣ ಸಂಸ್ಥೆಯು ಈ ಹೊಸ ರೂಪವನ್ನು 1970ರ ದಶಕದಲ್ಲಿ ಸಾಲ್ಸಾ ಎಂಬ ಹೆಸರಿನಲ್ಲಿ ಜಗತ್ತಿಗೆ ಮುಟ್ಟಿಸಿತು. ಅಂದರೆ ಇದು ಅನೇಕ ತಾಳವಾದ್ಯಗಳು ಒಟ್ಟಿಗೆ, ಒಂದೊಂದೂ ತನ್ನದೇ ಲೆಕ್ಕದಲ್ಲಿ ನುಡಿಯುವ ಸಂಗೀತ. ಹೊಸಬರ ಕಿವಿಗೆ ಗೊಂದಲವಾಗುವುದು ಇದರಿಂದಲೇ.

ಎಣಿಕೆಯ ಚೌಕಟ್ಟು ಮಾತ್ರ ನಮಗೆ ಅಪರಿಚಿತವಲ್ಲ. ನಾಲ್ಕು ನಾಲ್ಕು ಪೆಟ್ಟುಗಳ ಎರಡು ಭಾಗ ಸೇರಿ ಎಂಟು ಪೆಟ್ಟುಗಳ ಒಂದು ಸುತ್ತು ಆಗುತ್ತದೆ, ಆದಿ ತಾಳದ ಒಂದು ಆವರ್ತದಂತೆಯೇ. ನರ್ತಕರು ಒಂದು, ಎರಡು, ಮೂರರ ಮೇಲೆ ಹೆಜ್ಜೆ ಇಡುತ್ತಾರೆ. ನಾಲ್ಕರಲ್ಲಿ ಹೊಸ ಹೆಜ್ಜೆ ಇಲ್ಲ. ಮತ್ತೆ ಐದು, ಆರು, ಏಳರ ಮೇಲೆ ಹೆಜ್ಜೆ ಇಟ್ಟು ಎಂಟರಲ್ಲಿ ಬಿಡುತ್ತಾರೆ. ಸಂಗೀತಪಾಠ ಮಾಡಿದವರು ‘ತ ಕ ಧಿ ಮಿ’ ಎಂಬ ಸೊಲ್ಲುಗಳನ್ನು ಎರಡು ಬಾರಿ ಹೇಳಿಕೊಂಡು, ‘ತ ಕ ಧಿ’ ಮೇಲೆ ಕಾಲು ಇಟ್ಟು ‘ಮಿ’ ಎನ್ನುವಲ್ಲಿ ತಡೆದರೆ ಸಾಲ್ಸಾದ ಮೂಲ ಹೆಜ್ಜೆಯ ಲಯ ಸಿಕ್ಕಿತೆಂದೇ ತಿಳಿಯಬಹುದು. ಈ ತಡೆಯುವಿಕೆಯನ್ನು ಎಲ್ಲವೂ ನಿಂತುಹೋಗುವ ಖಾಲಿ ಜಾಗವೆಂದು ಭಾವಿಸಬಾರದು. ಮೂರನೆಯ ಹೆಜ್ಜೆಗೆ ಇಟ್ಟ ಭಾರವು ಆ ಪೆಟ್ಟಿನಲ್ಲಿ ಪೂರ್ತಿಯಾಗಿ ನೆಲೆಗೊಳ್ಳುತ್ತದೆ, ಮುಂದಿನ ಕಾಲು ನಿಧಾನವಾಗಿ ಸಿದ್ಧವಾಗುತ್ತದೆ. ಸಾಲ್ಸಾ ಹಾಡುಗಳ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 220 ಪೆಟ್ಟುಗಳವರೆಗೆ ಇರುತ್ತದೆ. 160ರ ವೇಗದಲ್ಲಿ ಎಂಟು ಪೆಟ್ಟುಗಳ ಒಂದು ಸುತ್ತಿಗೆ ಮೂರು ಸೆಕೆಂಡು ಸಿಗುತ್ತದೆ; 200ಕ್ಕೆ ಏರಿದರೆ ಅದು 2.4 ಸೆಕೆಂಡಿಗೆ ಇಳಿಯುತ್ತದೆ. ಹೊಸಬರು ನಾಲ್ಕನ್ನೂ ಎಂಟನ್ನೂ ನುಂಗಿ ಮುಂದೋಡುವುದು ಈ ವೇಗದ ಒತ್ತಡಕ್ಕೆ. ಹಾಗೆ ಒಂದು ಪೆಟ್ಟು ನುಂಗಿದವರು ಮುಂದಿನ ಸುತ್ತಿನಲ್ಲಿ ಹಾಡಿಗಿಂತ ಮುಂದೆ ಇರುತ್ತಾರೆ, ಅವರ ಕೈ ಹಿಡಿದವರೂ ದಾರಿ ತಪ್ಪುತ್ತಾರೆ.

ಇನ್ನು ‘ಒಂದು’ ಎಲ್ಲಿದೆ ಎಂಬ ಪ್ರಶ್ನೆ. ಹೊಸಬರಿಗೆ ಇದಕ್ಕಿಂತ ಕಠಿಣವಾದದ್ದು ಬೇರೆ ಇಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ನಮ್ಮ ಸಂಗೀತದಲ್ಲಿ ಆವರ್ತದ ಮೊದಲ ಪೆಟ್ಟಾದ ಸಮಕ್ಕೆ ವಿಶೇಷ ತೂಕವಿದೆ. ಮುಕ್ತಾಯಗಳು ಅಲ್ಲಿಗೆ ಬಂದು ಸೇರುತ್ತವೆ, ಕೇಳುಗರ ಕೈ ತಾನಾಗಿಯೇ ಅಲ್ಲಿ ತೊಡೆ ತಟ್ಟುತ್ತದೆ. ಸಿನಿಮಾ ಹಾಡುಗಳಲ್ಲಿ ಸಹ ಡ್ರಮ್ಮಿನ ದಪ್ಪ ಪೆಟ್ಟು ಬಹುಮಟ್ಟಿಗೆ ಒಂದರ ಮೇಲೆ ಬೀಳುತ್ತದೆ. ಸಾಲ್ಸಾದಲ್ಲಿ ಆ ಕೆಲಸ ಮಾಡಬೇಕಿದ್ದ ಬೇಸ್ ಎಂಬ ತಗ್ಗು ದನಿಯ ವಾದ್ಯವು ಎರಡು ಮತ್ತು ಮೂರರ ನಡುವೆ ಒಮ್ಮೆ, ನಾಲ್ಕರ ಮೇಲೆ ಒಮ್ಮೆ ನುಡಿದು, ಮುಂದಿನ ಒಂದನ್ನು ಅನೇಕ ವೇಳೆ ಮುಟ್ಟದೆ ಬಿಡುತ್ತದೆ. ಬರಲಿರುವ ಸ್ವರವನ್ನು ಒಂದು ಪೆಟ್ಟು ಮುಂಚಿತವಾಗಿಯೇ ನುಡಿಸಿ, ಅದನ್ನು ಒಂದರ ಮೇಲೆ ಹರಿಯಬಿಡುವುದು ಅದರ ಕ್ರಮ. ಬೇಸಿನ ಸದ್ದನ್ನು ಹಿಡಿದು ‘ಒಂದು’ ಹುಡುಕುವವರು ಹಾಗಾಗಿ ನಾಲ್ಕನ್ನೇ ಒಂದೆಂದು ತಿಳಿದು ಹೊರಡುತ್ತಾರೆ. ಅತೀತ, ಅನಾಗತ ಎಡುಪುಗಳನ್ನು ಕೇಳಿ ಅಭ್ಯಾಸವಿರುವ, ಹಾಡು ಸಮದಲ್ಲಿಯೇ ಆರಂಭವಾಗಬೇಕಾಗಿಲ್ಲ ಎಂದು ಬಲ್ಲ ಕಿವಿಗಳಿಗೆ ಇದು ಬೇಗ ಒಗ್ಗುತ್ತದೆ. ಉಳಿದವರಿಗೆ ಸಮಯ ಹಿಡಿಯುತ್ತದೆ, ಅದರಲ್ಲಿ ಅಸಹಜವಾದದ್ದೇನೂ ಇಲ್ಲ.

ಬೇಸಿನ ಬದಲು ಕೌಬೆಲ್ ಎಂಬ ಲೋಹದ ಗಂಟೆಯನ್ನು ಹುಡುಕುವುದು ಹೊಸಬರಿಗೆ ಒಳ್ಳೆಯ ದಾರಿ. ಹಾಡಿನ ಮೊದಲ ಭಾಗ ಮುಗಿದು, ಮುಖ್ಯ ಗಾಯಕರು ಮತ್ತು ಹಿಮ್ಮೇಳದವರು ಸಾಲುಗಳನ್ನು ಹಂಚಿಕೊಂಡು ಹಾಡುವ ಬಿರುಸಿನ ಭಾಗ ಬಂದಾಗ, ಬೊಂಗೊ ನುಡಿಸುವ ಕಲಾವಿದರು ಚರ್ಮವಾದ್ಯವನ್ನು ಬಿಟ್ಟು ಗಂಟೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಅದರ ಗಟ್ಟಿ ಪೆಟ್ಟುಗಳು ಒಂದು, ಮೂರು, ಐದು, ಏಳರ ಮೇಲೆ ಬೀಳುತ್ತವೆ. ಕಾಂಗಾ ಎಂಬ ಎತ್ತರದ ಡೋಲಿನ ಸದ್ದು ಇದಕ್ಕೆ ಪೂರಕ. ಅಂಗೈಯಿಂದ ಹೊಡೆದ ಚುರುಕಾದ ಒಂದು ಪೆಟ್ಟು ಎರಡರ ಮೇಲೆ, ಗುಂಯ್ಗುಡುವ ಎರಡು ತೆರೆದ ನಾದಗಳು ನಾಲ್ಕರ ಮೇಲೂ ಅದರ ಮರುಕ್ಷಣದಲ್ಲೂ ಕೇಳಿಸುತ್ತವೆ. ಗಮನಿಸಬೇಕಾದ ಸೊಗಸೊಂದು ಇಲ್ಲಿದೆ: ನರ್ತಕರ ಕಾಲು ಸುಮ್ಮನಿರುವ ನಾಲ್ಕು ಮತ್ತು ಎಂಟರಲ್ಲಿಯೇ ಕಾಂಗಾ ಅತ್ಯಂತ ತುಂಬಿ ನುಡಿಯುತ್ತದೆ. ಈ ಜೋಡಿ ನಾದವನ್ನು ಗುರುತಿಸಿಬಿಟ್ಟರೆ ಅದರ ಮುಂದಿನದೇ ಒಂದು ಅಥವಾ ಐದು. ಇಷ್ಟೆಲ್ಲಕ್ಕೂ ಆಧಾರವಾಗಿರುವುದು ಕ್ಲಾವೆ ಎಂಬ ಐದು ಪೆಟ್ಟುಗಳ ಲಯವಿನ್ಯಾಸ. ಎರಡು ಮರದ ಕಡ್ಡಿಗಳನ್ನು ಒಂದಕ್ಕೊಂದು ತಟ್ಟಿ ನುಡಿಸುವ ಇದು ಎಂಟರ ಸುತ್ತಿನ ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು ಪೆಟ್ಟುಗಳನ್ನು ಇಟ್ಟುಕೊಂಡಿರುತ್ತದೆ. ಮೂರರ ಭಾಗ ಮೊದಲು ಬಂದರೆ ಪೆಟ್ಟುಗಳು ಒಂದು, ಎರಡೂವರೆ, ನಾಲ್ಕು, ಆರು, ಏಳರ ಮೇಲೆ ಬೀಳುತ್ತವೆ. ಅನೇಕ ಹಾಡುಗಳಲ್ಲಿ ಕಡ್ಡಿಗಳ ಸದ್ದು ಕೇಳಿಸುವುದೇ ಇಲ್ಲ. ಆದರೂ ಪಿಯಾನೋ, ಗಾಯನ, ತುತ್ತೂರಿಗಳೆಲ್ಲ ಅದರ ಹಿಡಿತದಲ್ಲಿಯೇ ಸಾಗುತ್ತವೆ. ಆರಂಭದ ತಿಂಗಳುಗಳಲ್ಲಿ ಕ್ಲಾವೆಯ ಮೇಲೆ ಕುಣಿಯುವ ಪ್ರಯತ್ನ ಬೇಡ. ಅದನ್ನು ಕೈಯಲ್ಲಿ ತಟ್ಟಿ ಕೇಳಿಸಿಕೊಳ್ಳುವುದು ಸಾಕು.

ಈ ಶ್ರವಣ ಅಭ್ಯಾಸಕ್ಕೆ ನೃತ್ಯಶಾಲೆ ಬೇಕಾಗಿಲ್ಲ. ಮೆಟ್ರೋದಲ್ಲಿ ಬೈಯಪ್ಪನಹಳ್ಳಿಯಿಂದ ಮೆಜೆಸ್ಟಿಕ್ಕಿನವರೆಗೆ ಪ್ರಯಾಣಿಸುವಾಗ ಇಯರ್‌ಫೋನಿನಲ್ಲಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು, ಮೊದಲ ಬಾರಿ ಗಂಟೆಯನ್ನು ಮಾತ್ರ, ಎರಡನೆಯ ಬಾರಿ ಕಾಂಗಾವನ್ನು ಮಾತ್ರ, ಆಮೇಲೆ ಪಿಯಾನೋವನ್ನು ಮಾತ್ರ ಹಿಂಬಾಲಿಸಬಹುದು. ಮನಸ್ಸಿನಲ್ಲಿ ಎಣಿಸುವಾಗ ಒಂದ್, ಎರ್ಡ್, ಮೂರ್ ಎಂದು ಮೊಟಕುಗೊಳಿಸಿ ಹೇಳಿಕೊಂಡರೆ ವೇಗದ ಹಾಡಿಗೂ ಎಣಿಕೆ ಹಿಡಿಸುತ್ತದೆ. ಹತ್ತು ಹಾಡುಗಳನ್ನು ಒಂದೊಂದು ಬಾರಿ ಕೇಳುವುದಕ್ಕಿಂತ ಒಂದು ಹಾಡನ್ನು ಹತ್ತು ಬಾರಿ ಕೇಳುವುದರಿಂದ ಆರಂಭದಲ್ಲಿ ಹೆಚ್ಚು ಲಾಭವಿದೆ.

ಎರಡನೆಯದು ಭಾರ. ಹೆಜ್ಜೆ ಎಂದರೆ ಕಾಲನ್ನು ಒಂದು ಜಾಗದಿಂದ ಎತ್ತಿ ಇನ್ನೊಂದು ಜಾಗದಲ್ಲಿ ಇಡುವುದು ಎಂದು ನಾವು ತಿಳಿದಿರುತ್ತೇವೆ. ಜೋಡಿ ನೃತ್ಯದಲ್ಲಿ ದೇಹದ ಭಾರ ಪೂರ್ತಿಯಾಗಿ ಆ ಕಾಲಿಗೆ ಬಂದಾಗ ಮಾತ್ರ ಹೆಜ್ಜೆ ಮುಗಿದಂತೆ. ಇದನ್ನು ಪರೀಕ್ಷಿಸಲು ಸುಲಭವಾದ ಮಾರ್ಗವಿದೆ: ಯಾವುದೇ ಎಣಿಕೆಯಲ್ಲಿ ನಿಂತು, ಭಾರವಿಲ್ಲದ ಕಾಲನ್ನು ತೂಗಾಡದೆ ನೆಲದಿಂದ ಎತ್ತಲು ಸಾಧ್ಯವಾದರೆ ಹೆಜ್ಜೆ ಪೂರ್ತಿಯಾಗಿದೆ ಎಂದರ್ಥ. ಎರಡೂ ಕಾಲುಗಳ ಮೇಲೆ ಅರ್ಧರ್ಧ ಭಾರ ಹಂಚಿಕೊಂಡು ನಿಂತವರಿಗೆ ಮುಂದೆ ಯಾವ ಕಾಲು ಹೋಗಬೇಕೆಂಬುದೇ ಅನುಮಾನವಾಗುತ್ತದೆ, ಅವರನ್ನು ನಡೆಸುವವರಿಗೂ ಅವರು ಯಾವ ಕಾಲಿನ ಮೇಲಿದ್ದಾರೆಂದು ತಿಳಿಯುವುದಿಲ್ಲ. ಸುತ್ತುವಾಗ ತೂಗಾಡುವುದಕ್ಕೂ ಬಹುಪಾಲು ಇದೇ ಕಾರಣ. ಹಾಗಾಗಿ ಸುತ್ತು ಕಲಿಸಿರೆಂದು ಕೇಳುವ ಮುನ್ನ ಈ ಪರೀಕ್ಷೆಯನ್ನು ತಮ್ಮ ಮೇಲೆಯೇ ಮಾಡಿಕೊಳ್ಳಬೇಕೆಂದು ಹೊಸಬರಿಗೆ ಒತ್ತಿ ಹೇಳಬಯಸುತ್ತೇನೆ.

ನೋಡುಗರ ಕಣ್ಣಿಗೆ ಮೊದಲು ಬೀಳುವ, ಕಲಿಯುವವರಿಗೆ ಹೆಚ್ಚು ಸಂಕೋಚ ಹುಟ್ಟಿಸುವ ಸೊಂಟದ ಚಲನೆಯೂ ಈ ಭಾರದಿಂದಲೇ ಹುಟ್ಟುತ್ತದೆ. ಮಂಡಿಯನ್ನು ಸ್ವಲ್ಪ ಮಡಿಸಿ ಪಾದದ ಮುಂಭಾಗವನ್ನು ನೆಲಕ್ಕೆ ತಾಗಿಸಿ, ಭಾರ ಬರುತ್ತಿದ್ದಂತೆ ಆ ಮಂಡಿಯನ್ನು ನೇರವಾಗಿಸಿದರೆ, ಆ ಕಡೆಯ ಸೊಂಟ ತಾನಾಗಿ ಹೊರಕ್ಕೂ ಹಿಂದಕ್ಕೂ ಸರಿಯುತ್ತದೆ. ಸೊಂಟವನ್ನು ಬೇಕೆಂದು ಆಡಿಸಿದರೆ ಬೆನ್ನು ನೋಯುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ. ಭರತನಾಟ್ಯ ಕಲಿತು ಬಂದವರಿಗೆ ಲಯಜ್ಞಾನ ಮತ್ತು ಕಾಲಿನ ಶಕ್ತಿ ಮೊದಲೇ ಇರುವುದು ದೊಡ್ಡ ಅನುಕೂಲ. ಆದರೆ ಅರೆಮಂಡಿಯಲ್ಲಿ ಎರಡೂ ಮಂಡಿಗಳನ್ನು ಮಡಿಸಿಟ್ಟು ಇಡೀ ಅಂಗಾಲಿನಿಂದ ನೆಲ ತಟ್ಟುವ ತಟ್ಟಡವು ಅವರ ದೇಹದಲ್ಲಿ ನೆಲೆಯೂರಿರುತ್ತದೆ. ಸಾಲ್ಸಾ ಕೇಳುವುದು ಮಂಡಿಗಳು ಒಂದಾದ ಮೇಲೊಂದು ಮಡಿದು ನೇರವಾಗುವುದನ್ನು ಮತ್ತು ಪಾದ ನೆಲಕ್ಕೆ ಸದ್ದಿಲ್ಲದೆ ಇಳಿಯುವುದನ್ನು. ಎರಡೂ ಶಿಸ್ತುಗಳು ಒಂದೇ ದೇಹದಲ್ಲಿ ಚೆನ್ನಾಗಿ ಬಾಳಬಲ್ಲವು, ಒಂದರ ಅಭ್ಯಾಸ ಮತ್ತೊಂದನ್ನು ಕೆಡಿಸುತ್ತದೆ ಎಂಬ ಭಯ ಬೇಡ.

ಮೂಲ ಹೆಜ್ಜೆಯ ಆಕಾರ ಬಹಳ ಸರಳ. ನಡೆಸುವವರು ಒಂದರ ಮೇಲೆ ಎಡಗಾಲನ್ನು ಮುಂದಿಟ್ಟು, ಎರಡರ ಮೇಲೆ ಇದ್ದಲ್ಲಿಯೇ ಬಲಗಾಲಿಗೆ ಭಾರ ಮರಳಿಸಿ, ಮೂರರ ಮೇಲೆ ಎಡಗಾಲನ್ನು ಬಲಗಾಲಿನ ಪಕ್ಕಕ್ಕೆ ತರುತ್ತಾರೆ. ಐದರ ಮೇಲೆ ಬಲಗಾಲು ಹಿಂದಕ್ಕೆ ಹೋಗಿ, ಆರರ ಮೇಲೆ ಭಾರ ಎಡಗಾಲಿಗೆ ಮರಳಿ, ಏಳರ ಮೇಲೆ ಬಲಗಾಲು ಪಕ್ಕಕ್ಕೆ ಬರುತ್ತದೆ. ಎದುರಿನವರು ಇದರ ಪ್ರತಿಬಿಂಬದಂತೆ ಬಲಗಾಲನ್ನು ಹಿಂದಿಟ್ಟು ಆರಂಭಿಸುತ್ತಾರೆ. ಹೆಜ್ಜೆ ಪಾದದ ಉದ್ದಕ್ಕಿಂತ ದೊಡ್ಡದಾಗಬಾರದು; ವೇಗದ ಹಾಡಿಗೆ ಇನ್ನೂ ಚಿಕ್ಕದಾಗಬೇಕು. ಮನೆಯಲ್ಲಿ ಅಭ್ಯಾಸ ಮಾಡುವವರು ನುಣುಪಾದ ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಬರೀ ಕಾಲುಚೀಲದಲ್ಲಿ ಸುತ್ತುವುದನ್ನು ಬಿಡಬೇಕು, ಜಾರಿ ಬೀಳುವ ಅಪಾಯವಿದೆ. ಅಪಾರ್ಟ್‌ಮೆಂಟಿನಲ್ಲಿರುವವರ ಹೆಜ್ಜೆಯ ಸದ್ದು ಕೆಳಗಿನ ಮನೆಗೆ ಕೇಳಿಸುತ್ತಿದ್ದರೆ, ಭಾರ ಸಾಗುವ ಬದಲು ಬೀಳುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ದಿನಕ್ಕೆ ಹತ್ತು ನಿಮಿಷ ಈ ಒಂದು ಹೆಜ್ಜೆಯನ್ನೇ ಹಾಡಿನೊಂದಿಗೆ ಮಾಡಿದವರು, ವಾರಕ್ಕೊಮ್ಮೆ ತರಗತಿಯಲ್ಲಿ ಮಾತ್ರ ಕುಣಿಯುವವರಿಗಿಂತ ಬೇಗ ನೆಲೆ ಕಾಣುತ್ತಾರೆ.

ಸಾಲ್ಸಾದ ನಿಜವಾದ ಕಷ್ಟವೂ ಸುಖವೂ ಆರಂಭವಾಗುವುದು ಇನ್ನೊಬ್ಬರ ಕೈ ಹಿಡಿದಾಗ. ಮೊದಲೇ ಗೊತ್ತುಪಡಿಸಿದ ಕ್ರಮವಿಲ್ಲದೆ, ಮುನ್ನ ನೋಡಿಯೇ ಇರದ ವ್ಯಕ್ತಿಯೊಂದಿಗೆ, ಕೇಳಿಯೇ ಇರದ ಹಾಡಿಗೆ ಇಬ್ಬರೂ ಕುಣಿಯಬಲ್ಲರು, ಏಕೆಂದರೆ ಒಬ್ಬರು ಮುಂದಿನ ಚಲನೆಯನ್ನು ಸೂಚಿಸುತ್ತಾರೆ, ಇನ್ನೊಬ್ಬರು ಅದನ್ನು ಅರಿತು ಪೂರ್ತಿಗೊಳಿಸುತ್ತಾರೆ. ತರಗತಿಗಳಲ್ಲಿ ಇವರನ್ನು ಲೀಡ್ ಮತ್ತು ಫಾಲೋ ಎನ್ನುತ್ತಾರೆ. ರೂಢಿಯಲ್ಲಿ ಗಂಡಸರು ಲೀಡ್ ಮಾಡುತ್ತಾ ಬಂದಿದ್ದರೂ, ಯಾರು ಯಾವ ಪಾತ್ರವನ್ನಾದರೂ ಕಲಿಯಬಹುದು. ಸೂಚನೆ ಹುಟ್ಟುವುದು ಲೀಡ್ ಮಾಡುವವರ ಎದೆ ಮತ್ತು ಭಾರದ ಚಲನೆಯಲ್ಲಿ. ಕೈಗಳು ಅದನ್ನು ಮುಟ್ಟಿಸುವ ದಾರಿ ಮಾತ್ರ. ಇಬ್ಬರು ಎರಡು ಕಡೆಯಿಂದ ಬಳೆ ಹಿಡಿದು ನೀರು ತುಂಬಿದ ಹಂಡೆಯನ್ನು ಸಾಗಿಸುವಾಗ ಒಬ್ಬರು ತಿರುಗಿದ್ದು ಇನ್ನೊಬ್ಬರ ಕೈಗೆ ಹೇಳದೆಯೇ ತಿಳಿಯುವಂತೆ, ತೋಳುಗಳಲ್ಲಿ ಹದವಾದ ಬಿಗಿ ಇದ್ದರೆ ಚಲನೆ ಒಂದು ದೇಹದಿಂದ ಇನ್ನೊಂದಕ್ಕೆ ಹರಿಯುತ್ತದೆ. ತೋಳು ಸಡಿಲವಾಗಿ ಜೋತುಬಿದ್ದರೆ ಸೂಚನೆ ತಲುಪುವುದಿಲ್ಲ. ಬಿಗಿಯಾಗಿ ಹಿಡಿದರೆ ಅದು ಎಳೆದಾಟವಾಗುತ್ತದೆ, ಎದುರಿನವರ ಹೆಗಲು ಮತ್ತು ಮಣಿಕಟ್ಟು ನೋಯುತ್ತವೆ. ಹೆಬ್ಬೆರಳಿನಿಂದ ಕೈಯನ್ನು ಅದುಮಿ ಹಿಡಿಯದಿರುವುದು ಮೊದಲ ದಿನದಿಂದಲೇ ಅಭ್ಯಾಸವಾಗಬೇಕು.

ಸೂಚನೆ ಯಾವಾಗ ಕೊಡಬೇಕೆಂಬುದು ಹೇಗೆ ಕೊಡಬೇಕೆಂಬುದರಷ್ಟೇ ಮುಖ್ಯ. ಫಾಲೋ ಮಾಡುವವರ ಸಾಮಾನ್ಯ ಬಲಸುತ್ತು ಐದು, ಆರು, ಏಳರಲ್ಲಿ ನಡೆಯುತ್ತದೆ. ಲೀಡ್ ಮಾಡುವವರು ಐದರಲ್ಲಿ ಕೈ ಎತ್ತಿದರೆ ತಡವಾಯಿತು. ಮೂರು ಮುಗಿಯುವಾಗಲೇ ಎಡಗೈ ಏರಬೇಕು. ನಾಲ್ಕರ ಬಿಡುವು ಎದುರಿನವರಿಗೆ ಆ ಸುದ್ದಿಯನ್ನು ಅರಗಿಸಿಕೊಳ್ಳಲು ಸಿಗುವ ಅವಕಾಶ. ಸಾಲ್ಸಾದ ಬೆನ್ನೆಲುಬೆನಿಸಿದ ಕ್ರಾಸ್ ಬಾಡಿ ಲೀಡ್ ಎಂಬ ಚಲನೆಯಲ್ಲೂ ಇದೇ ನ್ಯಾಯ. ಒಂದರಲ್ಲಿ ಮುಂದೆ ಹೆಜ್ಜೆ ಇಟ್ಟ ಲೀಡ್, ಎರಡು ಮೂರರಲ್ಲಿ ತನ್ನ ಎಡಕ್ಕೆ ನಾಲ್ಕನೇ ಒಂದು ಸುತ್ತು ತಿರುಗಿ ದಾರಿಯನ್ನು ಬಿಟ್ಟುಕೊಡುತ್ತಾರೆ. ತೆರೆದ ಆ ದಾರಿಯಲ್ಲಿ ಫಾಲೋ ಐದು, ಆರು, ಏಳರಲ್ಲಿ ನಡೆದು ಆಚೆ ಬದಿಗೆ ಹೋಗುತ್ತಾರೆ, ಇಬ್ಬರ ಜಾಗವೂ ಅದಲು ಬದಲಾಗುತ್ತದೆ. ಮುಂದೆ ಕಲಿಯುವ ನೂರಾರು ವಿನ್ಯಾಸಗಳಲ್ಲಿ ಬಹುಪಾಲು ಇದರ ರೂಪಾಂತರಗಳೇ. ಫಾಲೋ ಮಾಡುವವರ ಕೆಲಸ ಸುಲಭವೆಂದು ಯಾರೂ ತಿಳಿಯಬಾರದು. ಮುಂದೇನು ಬರಬಹುದೆಂದು ಊಹಿಸಿ ತಾನೇ ಹೊರಟುಬಿಡುವ ಆಸೆಯನ್ನು ತಡೆದು, ತನ್ನ ಭಾರವನ್ನು ತಾನೇ ಹೊತ್ತು, ಬಂದ ಸೂಚನೆಗೆ ಕ್ಷಣದಲ್ಲಿ ಆಕಾರ ಕೊಡುವುದು ದೊಡ್ಡ ಏಕಾಗ್ರತೆಯನ್ನು ಬೇಡುತ್ತದೆ.

ತರಗತಿಯಲ್ಲಿ ಕೆಲವು ನಿಮಿಷಗಳಿಗೊಮ್ಮೆ ಜೊತೆಗಾರರನ್ನು ಬದಲಾಯಿಸುವುದು ವಾಡಿಕೆ. ನಮ್ಮ ಮನೆಗಳಲ್ಲಿ ಬೆಳೆದ ಅನೇಕರಿಗೆ ಅಪರಿಚಿತರ ಕೈ ಹಿಡಿಯುವುದೇ ಮುಜುಗರದ ಸಂಗತಿ, ಆ ಮುಜುಗರ ಸಹಜವಾದದ್ದು. ಆದರೂ ಒಬ್ಬರೊಂದಿಗೇ ಅಭ್ಯಾಸ ಮಾಡಿದವರು ಆ ಒಬ್ಬರ ಅಭ್ಯಾಸಗಳನ್ನು ಕಲಿಯುತ್ತಾರೆಯೇ ಹೊರತು ಸೂಚನೆಯ ಭಾಷೆಯನ್ನು ಕಲಿಯುವುದಿಲ್ಲವಾದ್ದರಿಂದ ಈ ಪದ್ಧತಿಗೆ ಅರ್ಥವಿದೆ. ಜೊತೆಯಲ್ಲೇ ಇರಬಯಸುವ ದಂಪತಿಗಳು ಶಿಕ್ಷಕರಿಗೆ ಮೊದಲೇ ಹೇಳಬಹುದು. ಕೇಳಿಕೊಂಡು ಕೈ ಹಿಡಿಯುವುದು, ಬೇಡವೆಂದರೆ ಕಾರಣ ಕೇಳದೆ ಒಪ್ಪುವುದು, ಹಿಡಿತ ನೋಯಿಸುತ್ತಿದ್ದರೆ ಆ ಕೂಡಲೇ ಹೇಳುವುದು, ಬೆವರಿದರೆ ಬದಲಾಯಿಸಲು ಇನ್ನೊಂದು ಅಂಗಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವುದು, ಇವೆಲ್ಲ ಕಲಿಕೆಯ ಭಾಗವೇ.

ಶೈಲಿಗಳ ಹೆಸರುಗಳಿಂದ ಗಾಬರಿಯಾಗಬೇಕಾಗಿಲ್ಲ. ಮೇಲೆ ವಿವರಿಸಿದಂತೆ ಒಂದರ ಮೇಲೆ ದಿಕ್ಕು ಬದಲಿಸುವುದನ್ನು ಆನ್ ಒನ್ ಎನ್ನುತ್ತಾರೆ. 1990ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಬೆಳೆದ ಶೈಲಿ ಇದನ್ನು ಅನುಸರಿಸುತ್ತದೆ. ನ್ಯೂಯಾರ್ಕಿನಲ್ಲಿ ಎಡಿ ಟೊರೆಸ್ ಅವರ ಪಾಠಗಳಿಂದ ಪ್ರಚಾರಕ್ಕೆ ಬಂದ ಆನ್ ಟೂನಲ್ಲಿ ದಿಕ್ಕು ಬದಲಾಗುವುದು ಎರಡು ಮತ್ತು ಆರರ ಮೇಲೆ, ಕಾಂಗಾದ ಚುರುಕು ಪೆಟ್ಟಿನ ಜೊತೆಗೇ. ಇವೆರಡರಲ್ಲೂ ಜೋಡಿಯು ನೇರವಾದ ಗೆರೆಯ ಮೇಲೆ ಹಿಂದೆ ಮುಂದೆ ಚಲಿಸುತ್ತದೆ. ಕ್ಯೂಬಾದ ಕಸೀನೊ ಶೈಲಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸುತ್ತುತ್ತಾರೆ. ಅನೇಕ ಜೋಡಿಗಳು ವೃತ್ತವಾಗಿ ನಿಂತು, ಒಬ್ಬರ ಕೂಗಿಗೆ ಸರಿಯಾಗಿ ಜೊತೆಗಾರರನ್ನು ಬದಲಾಯಿಸುವ ರುವೇದಾ ಎಂಬ ರೂಪವೂ ಇದಕ್ಕಿದೆ. ಕೊಲಂಬಿಯಾದ ಕಾಲಿ ನಗರದ ಶೈಲಿ ವೇಗದ ಕಾಲ್ಚಳಕಕ್ಕೆ ಹೆಸರಾದದ್ದು. ತಮ್ಮ ಮನೆಗೆ ಹತ್ತಿರದ ತರಗತಿಯಲ್ಲಿ ಯಾವುದನ್ನು ಕಲಿಸುತ್ತಾರೋ ಅದನ್ನೇ ಹೊಸಬರು ಮೊದಲು ಕಲಿಯುವುದು ಒಳ್ಳೆಯದು, ಏಕೆಂದರೆ ಕಿವಿ ಮತ್ತು ಭಾರದ ಪಾಠ ಎಲ್ಲದಕ್ಕೂ ಒಂದೇ. ಸಾಲ್ಸಾದೊಂದಿಗೆ ಬಚಾಟವನ್ನೂ ಸೇರಿಸಿ ಕಲಿಸುವ ಕಡೆ ಒಂದು ಎಚ್ಚರಿಕೆ ಬೇಕು: ಡೊಮಿನಿಕನ್ ಗಣರಾಜ್ಯದಿಂದ ಬಂದ ಆ ನೃತ್ಯದಲ್ಲಿ ನಾಲ್ಕರ ಮೇಲೆ ಕಾಲನ್ನು ತಾಗಿಸುವ ರೂಢಿಯಿದೆ, ಎರಡನ್ನೂ ಒಂದೇ ವಾರ ಆರಂಭಿಸಿದವರು ಆ ತಾಗುವಿಕೆಯನ್ನು ಸಾಲ್ಸಾದ ನಾಲ್ಕಕ್ಕೂ ತರುತ್ತಾರೆ.

ಪಾದರಕ್ಷೆಯ ವಿಷಯ ಚಿಕ್ಕದಾದರೂ ಮಂಡಿಯ ಆರೋಗ್ಯ ಅದರ ಮೇಲೆ ನಿಂತಿದೆ. ಓಟದ ಶೂಗಳ ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ದೇಹ ತಿರುಗಿದಾಗ ಪಾದ ತಿರುಗದಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ. ನಯವಾದ ಚರ್ಮದ ಅಟ್ಟೆಯುಳ್ಳ ಶೂ ಆರಂಭಕ್ಕೆ ಸಾಕು. ನೃತ್ಯಕ್ಕೆಂದೇ ಮಾಡಿದ ಸ್ವೀಡ್ ಅಟ್ಟೆಯ ಶೂಗಳನ್ನು ಕೊಂಡವರು ಅವನ್ನು ಚೀಲದಲ್ಲಿ ಒಯ್ದು ಒಳಗೆ ಹಾಕಿಕೊಳ್ಳಬೇಕು, ಬೆಂಗಳೂರಿನ ಸಂಜೆ ಮಳೆಯ ಒದ್ದೆ ರಸ್ತೆಗೆ ಅವು ತಾಳುವುದಿಲ್ಲ. ತಿರುಗುವಾಗ ಹಿಮ್ಮಡಿಯನ್ನು ಹಗುರಾಗಿ ಎತ್ತಿ ಪಾದದ ಮುಂಭಾಗದ ಮೇಲೆ ತಿರುಗಬೇಕು.

ಮೂಲ ಹೆಜ್ಜೆ, ಬಲಸುತ್ತು ಮತ್ತು ಕ್ರಾಸ್ ಬಾಡಿ ಲೀಡ್ ಇಷ್ಟು ಹಾಡಿನೊಂದಿಗೆ ಬಂದರೆ ಸೋಷಿಯಲ್ ಎಂದು ಕರೆಯುವ ನೃತ್ಯಕೂಟಗಳಿಗೆ ಹೋಗಲು ಯಾರೂ ಹಿಂಜರಿಯಬೇಕಾಗಿಲ್ಲ. ಇನ್ನೂ ಚೆನ್ನಾಗಿ ಕಲಿತ ಮೇಲೆ ಹೋಗೋಣ ಎಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ, ಏಕೆಂದರೆ ತರಗತಿಯಲ್ಲಿ ಸಿಗದ ಪಾಠ ಅಲ್ಲಿದೆ. ಕಿಕ್ಕಿರಿದ ನೆಲದಲ್ಲಿ ಹೆಜ್ಜೆ ಚಿಕ್ಕದು ಮಾಡಿಕೊಳ್ಳುವುದು, ಪಕ್ಕದ ಜೋಡಿಗೆ ತಾಗದಂತೆ ಜೊತೆಗಾರರನ್ನು ಕಾಯುವುದು, ಲಯ ತಪ್ಪಿದಾಗ ಇಬ್ಬರೂ ಎಂಟು ಪೆಟ್ಟುಗಳ ಒಂದು ಸುತ್ತು ಇದ್ದಲ್ಲಿಯೇ ಭಾರ ಬದಲಿಸಿ ಮತ್ತೆ ‘ಒಂದು’ ಹಿಡಿಯುವುದು, ಇವು ಅಲ್ಲಿಯೇ ಬರಬೇಕು. ಕುಣಿಯುವಾಗ ಎದುರಿನವರ ತಪ್ಪನ್ನು ತಿದ್ದಲು ಹೋಗಬಾರದು. ತಿದ್ದುವುದು ತರಗತಿಯಲ್ಲಿ ಶಿಕ್ಷಕರ ಕೆಲಸ. ಒಂದು ಪಾತ್ರದಲ್ಲಿ ನೆಲೆ ಸಿಕ್ಕ ಮೇಲೆ ಇನ್ನೊಂದು ಪಾತ್ರದ ಆರಂಭಿಕ ತರಗತಿಗೂ ಸೇರುವುದು ಒಳ್ಳೆಯದು. ತನ್ನ ಕೈ ಎಷ್ಟು ತಡವಾಗಿ ಏರುತ್ತಿತ್ತು ಎಂಬುದು ಲೀಡ್ ಮಾಡುವವರಿಗೆ ತಾವೇ ಫಾಲೋ ಮಾಡಿ ನೋಡಿದಾಗ ತಿಳಿಯುತ್ತದೆ.